ಎಲುಬು ಕೂಡಿದ ಮೇಲೂ ಉಳಿಯುವ ಪ್ರಶ್ನೆಗಳು

ರಸ್ತೆ ಅಪಘಾತದಲ್ಲಿ ಕಾಲು ಮುರಿದುಕೊಂಡವರು ಮತ್ತು ಅವರ ಆರೈಕೆಯಲ್ಲಿರುವವರು ಬರೆದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳಿಂದ ಬಂದ ಈ ಪತ್ರಗಳಲ್ಲಿ ಶಸ್ತ್ರಚಿಕಿತ್ಸೆಯ ದಿನದ ಬಗ್ಗೆ ಕೇಳಿದವರು ಕಡಿಮೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ಯಾರೂ ಏನೂ ಹೇಳಿಕೊಡದ ತಿಂಗಳುಗಳ ಬಗ್ಗೆ ಕೇಳಿದವರೇ ಹೆಚ್ಚು. ಬರೆದವರ ಹೆಸರುಗಳನ್ನು ಕೈಬಿಟ್ಟಿದ್ದೇನೆ.

ಪ್ರಶ್ನೆ: ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಊರಿಗೆ ಮರಳುವಾಗ, ಹಿಂದೆ ಕೆಂಪು ದೀಪವಿಲ್ಲದೆ ರಸ್ತೆಯಲ್ಲೇ ನಿಂತಿದ್ದ ಟ್ರಾಲಿಗೆ ನನ್ನ ಮೋಟಾರ್ ಸೈಕಲ್ ಬಡಿಯಿತು. ಬಲಗಾಲಿನಲ್ಲಿ ಮೊಣಕಾಲಿನ ಕೆಳಗಿನ ಎರಡೂ ಎಲುಬು ಮುರಿದವು. ಒಳಗೆ ರಾಡ್ ಹಾಕಿದ್ದಾರೆ. ಈಗ ಐದು ತಿಂಗಳಾಗಿದ್ದು, ಎಕ್ಸ್‌ರೇ ನೋಡಿದ ವೈದ್ಯರು ಎಲುಬು ಕೂಡಿದೆ ಎಂದಿದ್ದಾರೆ. ಆದರೆ ನೆಲದ ಮೇಲೆ ಕುಳಿತು ಉಣ್ಣಲು ಆಗುವುದಿಲ್ಲ, ಮಂಡಿಯೂರಿ ಕಳೆ ತೆಗೆಯಲು ಆಗುವುದಿಲ್ಲ, ತೊಡೆ ಸೊರಗಿದೆ, ಕುಂಟುತ್ತೇನೆ. ಶಸ್ತ್ರಚಿಕಿತ್ಸೆಯಲ್ಲಿ ತಪ್ಪಾಗಿದೆಯೇ?
— 34 ವರ್ಷದ ರೈತ, ಭಾಲ್ಕಿ ತಾಲ್ಲೂಕು

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ತಪ್ಪಾಗಿದೆ ಎನ್ನಲು ಕಾರಣ ಕಾಣುವುದಿಲ್ಲ. ಎಲುಬು ಕೂಡುವುದು ಬೇರೆ, ಕಾಲು ತನ್ನ ಕೆಲಸಕ್ಕೆ ಮರಳುವುದು ಬೇರೆ. ಮೊದಲನೆಯದಕ್ಕೆ ವೈದ್ಯರು ದಿನ ಎಣಿಸುತ್ತಾರೆ, ಎರಡನೆಯದನ್ನು ಬಹಳ ಸಲ ರೋಗಿಯ ಪಾಲಿಗೇ ಬಿಟ್ಟುಬಿಡುತ್ತಾರೆ. ನಿಮಗೆ ಮುರಿದಿರುವ ದೊಡ್ಡ ಎಲುಬು, ಅಂದರೆ ಟಿಬಿಯಾ, ಮುಂಭಾಗದಲ್ಲಿ ಚರ್ಮದ ಅಡಿಯಲ್ಲಿಯೇ ಇದೆ. ಅದನ್ನು ಮುಚ್ಚುವ ಮಾಂಸ ಅಲ್ಲಿ ಇಲ್ಲದ್ದರಿಂದ, ವಿಶೇಷವಾಗಿ ಅದರ ಕೆಳಭಾಗಕ್ಕೆ ರಕ್ತದ ಪೂರೈಕೆ ಕಡಿಮೆ. ಚರ್ಮ ಹರಿಯದ ಸರಳ ಮುರಿತವೂ ಕೂಡಲು ನಾಲ್ಕರಿಂದ ಐದು ತಿಂಗಳು ತೆಗೆದುಕೊಳ್ಳುವುದು ಸಾಮಾನ್ಯ. ಆ ಲೆಕ್ಕದಲ್ಲಿ ನಿಮ್ಮ ಎಲುಬು ತನ್ನ ಕೆಲಸವನ್ನು ಸಕಾಲದಲ್ಲಿ ಮಾಡಿದೆ.

ಉಳಿದಿರುವುದು ಸ್ನಾಯು ಮತ್ತು ಕೀಲುಗಳ ಕೆಲಸ. ಕಾಲಿಗೆ ಭಾರ ಬೀಳದೆ ಕೆಲವೇ ವಾರ ಕಳೆದರೂ ತೊಡೆಯ ಮುಂಭಾಗದ ದೊಡ್ಡ ಸ್ನಾಯು ಸೊರಗಲಾರಂಭಿಸುತ್ತದೆ, ಅದು ಮರಳಿ ತುಂಬಿಕೊಳ್ಳಲು ಸೊರಗಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕಾಲ ಬೇಕು. ನೀವು ಕುಂಟುತ್ತಿರುವುದು ಬಹುಶಃ ಈ ಸ್ನಾಯುವಿನ ಬಲಹೀನತೆಯಿಂದ. ಮೊಣಕಾಲು ಎಷ್ಟು ಮಡಚುತ್ತದೆ ಎಂಬುದು ಇನ್ನೊಂದು ಸಂಗತಿ. ಸಮತಟ್ಟಾದ ರಸ್ತೆಯಲ್ಲಿ ನಡೆಯಲು ಸುಮಾರು 60ರಿಂದ 65 ಡಿಗ್ರಿ ಮಡಚಿದರೆ ಸಾಕು, ಕುರ್ಚಿಯಿಂದ ಏಳಲು ಮತ್ತು ಮೆಟ್ಟಿಲು ಹತ್ತಿಳಿಯಲು 90ರ ಆಸುಪಾಸು ಬೇಕು. ಆದರೆ ಚಕ್ಕಳಮಕ್ಕಳ ಹಾಕಿ ಕೂರಲು ಅಥವಾ ಕುಕ್ಕರಗಾಲಿನಲ್ಲಿ ಶೌಚಕ್ಕೆ ಕೂರಲು 130 ಡಿಗ್ರಿಗಿಂತಲೂ ಹೆಚ್ಚು ಬೇಕಾಗಬಹುದು. ಕುರ್ಚಿ, ಮೇಜು, ಕಮೋಡ್ ಇರುವ ಮನೆಯಲ್ಲಿ 100 ಡಿಗ್ರಿ ಮಡಚುವ ಮೊಣಕಾಲು ಗುಣವಾದ ಮೊಣಕಾಲೇ ಹೌದು. ನಮ್ಮ ಹಳ್ಳಿಯ ಮನೆಯಲ್ಲಿ, ಪರಸಿ ಹಾಸಿದ ನೆಲದ ಮೇಲೆ ಕುಳಿತು ರೊಟ್ಟಿ ಮುರಿಯಬೇಕಾದವನಿಗೆ ಅದು ಅರ್ಧ ದಾರಿ. ಆದ್ದರಿಂದ ಮುಂದಿನ ಭೇಟಿಯಲ್ಲಿ ಎಕ್ಸ್‌ರೇ ತೋರಿಸುವುದರ ಜೊತೆಗೆ, "ನನಗೆ ನೆಲದ ಮೇಲೆ ಕೂರಬೇಕು, ಹೊಲದಲ್ಲಿ ಕೆಲಸ ಮಾಡಬೇಕು" ಎಂದು ಬಾಯಿಬಿಟ್ಟು ಹೇಳಿ, ಮೊಣಕಾಲಿನ ಮಡಚುವಿಕೆಯನ್ನು ಅಳತೆ ಮಾಡಿಸಿ ಬರೆಸಿಕೊಳ್ಳಿ. ಅಳತೆ ಕಾಗದದ ಮೇಲಿದ್ದರೆ ತಿಂಗಳಿಂದ ತಿಂಗಳಿಗೆ ಹೋಲಿಸಬಹುದು.

ಮಂಡಿಯೂರಿದಾಗ ಆಗುವ ನೋವಿಗೆ ಬೇರೆಯದೇ ಕಾರಣವಿದೆ. ಟಿಬಿಯಾದ ರಾಡನ್ನು ಮೊಣಕಾಲಿನ ಚಿಪ್ಪಿನ ಬಳಿಯಿಂದ ಒಳಗೆ ಇಳಿಸುತ್ತಾರೆ, ಹೀಗೆ ರಾಡ್ ಹಾಕಿಸಿಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮೊಣಕಾಲಿನ ಮುಂಭಾಗದಲ್ಲಿ ನೋವು ಉಳಿಯುತ್ತದೆ. ಅನೇಕರಲ್ಲಿ ಇದು ಒಂದೆರಡು ವರ್ಷಗಳಲ್ಲಿ ತಗ್ಗುತ್ತದೆ. ಕೆಲವರಲ್ಲಿ ಮಂಡಿಯೂರುವಾಗ ಮಾತ್ರ ಉಳಿದುಬಿಡುತ್ತದೆ. ಈ ಹಂಗಾಮಿಗೆ ಮಂಡಿಯೂರುವ ಕೆಲಸವನ್ನು ಬಿಟ್ಟು, ಕಳೆ ತೆಗೆಯಲು ಕುರ್ಪಿಯ ಬದಲು ನಿಂತೇ ಬಳಸಬಹುದಾದ ಉದ್ದ ಹಿಡಿಕೆಯ ಸಲಕರಣೆ ಹಿಡಿಯಿರಿ. ಕೂರಲೇಬೇಕಾದರೆ ಒಂದು ಎತ್ತರದ ಮಣೆ ಒಯ್ಯಿರಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮನೆಯಲ್ಲಿ ಮಾಡಬೇಕಾದ ವ್ಯಾಯಾಮಕ್ಕೆ ಯಂತ್ರ ಬೇಕಿಲ್ಲ. ಕಾಲು ಚಾಚಿ ಕುಳಿತು, ಮೊಣಕಾಲಿನ ಅಡಿ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸುವವರೆಗೆ ಹಿಡಿಯುವುದು. ಮಲಗಿ ಕಾಲನ್ನು ನೆಟ್ಟಗೆ ಒಂದು ಗೇಣು ಎತ್ತಿ ಹಿಡಿಯುವುದು. ಮಂಚದ ಮೇಲೆ ಹಿಮ್ಮಡಿಯನ್ನು ಜಾರಿಸುತ್ತ ಮೊಣಕಾಲನ್ನು ಮಡಚುವುದು. ಇವು ಸಲೀಸಾದ ಮೇಲೆ ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು. ಒಂದೊಂದನ್ನೂ ಹತ್ತು ಹದಿನೈದು ಸಲ, ದಿನಕ್ಕೆ ಮೂರು ಹೊತ್ತು ಮಾಡಿ. ಮಾಡುವಾಗ ಎಳೆತ ಮತ್ತು ಸಹಿಸುವಷ್ಟು ನೋವು ಇರುತ್ತದೆ, ಅದು ಸರಿ. ಮರುದಿನ ಮೊಣಕಾಲು ಊದಿದರೆ ಎಣಿಕೆ ಕಡಿಮೆ ಮಾಡಿ, ಆದರೆ ಬಿಡಬೇಡಿ. ಬೇರೆಯವರಿಂದ ಕಾಲನ್ನು ಬಲವಂತವಾಗಿ ಮಡಚಿಸಿಕೊಳ್ಳಬೇಡಿ. ಸರ್ಕಾರಿ ವೈದ್ಯಕೀಯ ಕಾಲೇಜುಗಳು ಬೀದರ್, ಕಲಬುರಗಿ, ಯಾದಗಿರಿ ಮೂರೂ ಕಡೆ ಇವೆ. ಅವುಗಳ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಕೇಳಿ ಪಡೆಯಿರಿ. ತಿಂಗಳಿಗೆ ಎರಡೇ ಸಲ ಹೋಗಲು ಸಾಧ್ಯವಾದರೂ, ಮನೆಯ ವ್ಯಾಯಾಮವನ್ನು ತಿದ್ದಿಸಿಕೊಂಡು ಬರಲು ಅಷ್ಟು ಸಾಕು.

ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿದ್ದರೆ, ಪಾದ ಹೊರಕ್ಕೆ ತಿರುಗಿದಂತೆ ಕಂಡರೆ, ಭಾರ ಹಾಕಿದಾಗ ಮುರಿದ ಜಾಗದಲ್ಲಿಯೇ ನೋವು ಹೆಚ್ಚುತ್ತಿದ್ದರೆ, ಅಥವಾ ಮೂರು ತಿಂಗಳು ಶ್ರದ್ಧೆಯಿಂದ ವ್ಯಾಯಾಮ ಮಾಡಿದರೂ ಮೊಣಕಾಲು 90 ಡಿಗ್ರಿ ದಾಟದಿದ್ದರೆ ಮರುಪರೀಕ್ಷೆ ಬೇಕು. ಎರಡು ಸೆಂಟಿಮೀಟರ್‌ವರೆಗಿನ ಗಿಡ್ಡತನವನ್ನು ಚಪ್ಪಲಿಯ ಹಿಮ್ಮಡಿ ಎತ್ತರಿಸಿ ಸರಿದೂಗಿಸಬಹುದು.

ಜೀವನದ ಗುಣಮಟ್ಟವನ್ನು ಅಳೆಯಲು ಜಗತ್ತಿನ ಹಲವು ಕಡೆ ವೈದ್ಯರು ಬಳಸುವ ಇಕ್ಯೂ-5ಡಿ ಎಂಬ ಪ್ರಶ್ನಾವಳಿ ಐದೇ ಸಂಗತಿಗಳನ್ನು ಕೇಳುತ್ತದೆ: ಓಡಾಟ, ಸ್ನಾನ ಮತ್ತು ಉಡುಗೆಯಂಥ ಸ್ವಂತ ಕೆಲಸ, ದಿನನಿತ್ಯದ ದುಡಿಮೆ, ನೋವು, ಮನಸ್ಸಿನ ಕಳವಳ. ಎಲುಬಿನ ಮಾತೇ ಅದರಲ್ಲಿಲ್ಲ. ನೀವೂ ತಿಂಗಳಿಗೊಮ್ಮೆ ಈ ಐದರ ಬಗ್ಗೆ ಒಂದೊಂದು ಸಾಲು ಬರೆದಿಟ್ಟುಕೊಳ್ಳಿ. ಮೊದಲ ವರ್ಷವಿಡೀ, ಕೆಲವೊಮ್ಮೆ ಅದರ ಆಚೆಗೂ, ಸುಧಾರಣೆ ನಡೆಯುತ್ತಲೇ ಇರುತ್ತದೆ ಎಂಬುದು ನಿಮ್ಮ ಬರಹದಿಂದಲೇ ನಿಮಗೆ ತಿಳಿಯುತ್ತದೆ.

ಪ್ರಶ್ನೆ: ನನ್ನ ಗಂಡನಿಗೆ ಲಾರಿ ಬಡಿದು ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು. ನಂಜಾಗಿ ಎರಡು ಸಲ ಆಪರೇಷನ್ ಆದ ಮೇಲೆ, ಸತ್ತ ಎಲುಬನ್ನು ತೆಗೆದು ಕಾಲಿನ ಸುತ್ತ ಉಕ್ಕಿನ ಬಳೆಗಳನ್ನು ಹಾಕಿದ್ದಾರೆ. ಎಂಟು ತಿಂಗಳಾಯಿತು. ಬಳೆ ಬಿಚ್ಚಿಸಿ ಎಲುಬು ಕಟ್ಟುವವರ ಹತ್ತಿರ ಕರೆದೊಯ್ಯಿರಿ ಎಂದು ಮಂದಿ ಹೇಳುತ್ತಾರೆ. ಕಾಲು ತೆಗೆಸಿಬಿಟ್ಟರೇ ಬೇಗ ದುಡಿಯಬಹುದಿತ್ತು ಎಂದು ಅವರೇ ಅಳುತ್ತಾರೆ. ಗುಟ್ಕಾ ಮಾತ್ರ ಬಿಟ್ಟಿಲ್ಲ.
— ಗೃಹಿಣಿ, ಶಹಾಪುರ ತಾಲ್ಲೂಕು

ಉತ್ತರ: ಅಮ್ಮಾ, ನಿಮ್ಮ ಪತ್ರದ ಕೊನೆಯ ಸಾಲನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ. ಬೀಡಿ, ಸಿಗರೇಟು, ಗುಟ್ಕಾ, ಜರ್ದಾ ಯಾವುದೇ ರೂಪದಲ್ಲಿ ದೇಹ ಸೇರಿದರೂ ತಂಬಾಕಿನ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಮೊದಲೇ ರಕ್ತ ಕಡಿಮೆ ಇರುವ ಜಾಗದಲ್ಲಿ ಹೊಸ ಎಲುಬು ಬೆಳೆಸಲು ಹೆಣಗುತ್ತಿರುವಾಗ, ಬಾಯಲ್ಲಿ ಗುಟ್ಕಾ ಇಟ್ಟುಕೊಳ್ಳುವುದೆಂದರೆ ಬೆಳೆಗೆ ನೀರು ಬಿಟ್ಟು ಕಾಲುವೆಗೆ ಅಡ್ಡಗಟ್ಟೆ ಹಾಕಿದಂತೆ. ಒಂಟಿಯಾಗಿ, ನೋವಿನಲ್ಲಿ, ಮನೆಯಲ್ಲಿ ಕುಳಿತವರಿಗೆ ಅದನ್ನು ಬಿಡುವುದು ಸುಲಭವಲ್ಲ ಎಂಬುದು ನನಗೆ ಗೊತ್ತು. ಬೈದು ಬಿಡಿಸಲು ಹೋಗಬೇಡಿ. ತಂಬಾಕು ಬಿಡಿಸುವ ಸಲಹಾ ಕೇಂದ್ರ ಜಿಲ್ಲಾ ಆಸ್ಪತ್ರೆಯಲ್ಲಿ ಇರುತ್ತದೆ, ಮುಂದಿನ ತಪಾಸಣೆಯ ದಿನವೇ ಅಲ್ಲಿಗೂ ಕರೆದೊಯ್ಯಿರಿ. ಅದೇ ದಿನ ರಕ್ತದ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿ. ಗೊತ್ತೇ ಇಲ್ಲದ ಮಧುಮೇಹ ನಂಜು ವಾಸಿಯಾಗದಿರಲು ಮುಖ್ಯ ಕಾರಣಗಳಲ್ಲಿ ಒಂದು.

ಇನ್ನು ಬಳೆಗಳ ವಿಷಯ. ಸೈಬೀರಿಯಾದ ಕುರ್ಗಾನ್ ಊರಿನ ವೈದ್ಯ ಗವ್ರೀಲ್ ಇಲಿಝರೋವ್ 1950ರ ದಶಕದಲ್ಲಿ ರೂಪಿಸಿದ ವಿಧಾನವಿದು. ಎಲುಬನ್ನು ಒಂದು ಕಡೆ ಕತ್ತರಿಸಿ, ದಿನಕ್ಕೆ 1 ಮಿಲಿಮೀಟರ್‌ನಷ್ಟು, ಅದನ್ನೂ ಸಾಮಾನ್ಯವಾಗಿ ನಾಲ್ಕು ಸಲಕ್ಕೆ ಹಂಚಿ ನಿಧಾನವಾಗಿ ಸರಿಸುತ್ತ ಹೋದರೆ, ನಡುವಿನ ಖಾಲಿ ಜಾಗದಲ್ಲಿ ಹೊಸ ಎಲುಬು ಹುಟ್ಟುತ್ತದೆ. ಕಳೆದುಹೋದ ಎಲುಬು 5 ಸೆಂಟಿಮೀಟರ್ ಇದ್ದರೆ ಸರಿಸುವುದಕ್ಕೇ 50 ದಿನ ಬೇಕು, ಹುಟ್ಟಿದ ಎಲುಬು ಗಟ್ಟಿಯಾಗಲು ಅದಕ್ಕಿಂತ ಹಲವು ತಿಂಗಳು ಹೆಚ್ಚು. ಎಂಟು ತಿಂಗಳು ಈ ಚಿಕಿತ್ಸೆಯಲ್ಲಿ ಅಸಹಜವಲ್ಲ. ಈಗ ಬಳೆ ಬಿಚ್ಚಿಸಿದರೆ ಮೆತ್ತಗಿರುವ ಎಲುಬು ಬಾಗುತ್ತದೆ. ತಿಕ್ಕಿ ಬಿದಿರಿನ ಕಟ್ಟು ಬಿಗಿದರೆ ನಂಜು ಮತ್ತೆ ಏಳಬಹುದು, ರಕ್ತದ ಓಟವೇ ನಿಲ್ಲಬಹುದು. ಎಲುಬು ಕಟ್ಟುವವರ ಮೇಲೆ ನಮ್ಮ ಜನರಿಗಿರುವ ನಂಬಿಕೆ ಹಳೆಯದು, ಅದನ್ನು ನಾನು ಹೀಗಳೆಯುವುದಿಲ್ಲ, ಆದರೆ ತೆರೆದ ಗಾಯದ ಮುರಿತಕ್ಕೆ ಅವರ ಬಳಿ ಉಪಾಯವಿಲ್ಲ. ತಂತಿಗಳು ಚರ್ಮ ಹೊಕ್ಕುವ ಜಾಗವನ್ನು ಆಸ್ಪತ್ರೆಯಲ್ಲಿ ತೋರಿಸಿದಂತೆ ಸ್ವಚ್ಛವಾಗಿಡಿ. ಕೆಂಪಾಗಿ ಬಿಸಿಯೇರಿದರೆ, ಕೀವು ಬಂದರೆ, ಜ್ವರ ಬಂದರೆ ಕಾಯಬೇಡಿ. ವೈದ್ಯರು ಒಪ್ಪಿದ್ದರೆ ಬಳೆ ಇರುವಾಗಲೇ ಕಾಲೂರಿ ನಡೆಯಲಿ, ಭಾರ ಬಿದ್ದಷ್ಟೂ ಎಲುಬು ಗಟ್ಟಿಯಾಗುತ್ತದೆ.

ಕಾಲು ತೆಗೆಸಿದ್ದರೇ ಒಳ್ಳೆಯದಿತ್ತೇ ಎಂಬ ನಿಮ್ಮ ಗಂಡನ ಪ್ರಶ್ನೆಯನ್ನು ದೊಡ್ಡ ವೈದ್ಯರೂ ಕೇಳಿಕೊಂಡಿದ್ದಾರೆ. ಅಮೆರಿಕದ 8 ಆಸ್ಪತ್ರೆಗಳಲ್ಲಿ ಇಂಥದೇ ಭೀಕರ ಗಾಯಗಳಾದ 569 ಜನರನ್ನು ಎರಡು ವರ್ಷ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲು ಉಳಿಸಿಕೊಂಡವರ ಮತ್ತು ಕಳೆದುಕೊಂಡವರ ಬದುಕಿನ ಸ್ಥಿತಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪುಗಳಲ್ಲಿ ಕೆಲಸಕ್ಕೆ ಮರಳಿದವರು ಸುಮಾರು ಅರ್ಧದಷ್ಟು ಮಾತ್ರ. ಫಲಿತಾಂಶವನ್ನು ಕೆಡಿಸಿದ ಕಾರಣಗಳಲ್ಲಿ ಬಡತನ, ಧೂಮಪಾನ, ಜೊತೆಗೆ ನಿಲ್ಲುವವರಿಲ್ಲದಿರುವುದು, ತನ್ನಿಂದ ಆಗುತ್ತದೆ ಎಂಬ ನಂಬಿಕೆ ಕುಸಿದಿರುವುದು ಇದ್ದವು. ಈ ಪಟ್ಟಿಯಲ್ಲಿ ಕೆಲವು ನಿಮ್ಮಿಬ್ಬರ ಕೈಯಲ್ಲಿವೆ. ಎಂಟು ತಿಂಗಳ ನೋವನ್ನು ದಾಟಿ ಬಂದ ಕಾಲನ್ನು ಈ ಹಂತದಲ್ಲಿ ಬಿಟ್ಟುಕೊಡುವ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ.

ಪ್ರಶ್ನೆ: ಮಗನ ಕಾಲಿಗೆ ಪ್ಲೇಟ್ ಹಾಕಿದ್ದಾರೆ. ಬೇಳೆ, ಬದನೆಕಾಯಿ ಕೊಟ್ಟರೆ ನಂಜಾಗುತ್ತದೆ, ದಿನವೂ ಕಾಲು ಸೂಪ್ ಕೊಡಿ ಎನ್ನುತ್ತಾರೆ. ನಿಜವೇ?
— ಕಲಬುರಗಿ ನಗರ

ಉತ್ತರ: ಬೇಳೆಯಿಂದ ನಂಜಾಗುವುದಿಲ್ಲ. ತೊಗರಿಯ ಕಣಜವೆನಿಸಿದ, 2019ರಲ್ಲಿ ತನ್ನ ತೊಗರಿಬೇಳೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಜಿಲ್ಲೆಯಲ್ಲಿಯೇ ಗಾಯಾಳುವಿನ ತಟ್ಟೆಯಿಂದ ಬೇಳೆಯನ್ನು ತೆಗೆದಿಡುವುದು ನನಗೆ ಬಹಳ ಸಂಕಟ ತರುತ್ತದೆ, ಏಕೆಂದರೆ ಗಾಯ ಮಾಯಲು, ಎಲುಬಿನ ಹಂದರ ಕಟ್ಟಲು, ಸ್ನಾಯು ತುಂಬಲು ಬೇಕಾದದ್ದು ಪ್ರೋಟೀನ್. ಜೋಳದ ರೊಟ್ಟಿ, ಗಟ್ಟಿ ಬೇಳೆ, ಮೊಳಕೆ ಕಾಳು, ಶೇಂಗಾ ಹಿಂಡಿ, ಮೊಸರು, ತಿನ್ನುವವರಾದರೆ ಮೊಟ್ಟೆ ಮತ್ತು ಮಾಂಸ ಎಲ್ಲವನ್ನೂ ಕೊಡಿ. ಕಾಲು ಸೂಪ್ ರುಚಿಗೆ ಕುಡಿಯಲಿ. ಅದರಲ್ಲಿ ಕ್ಯಾಲ್ಸಿಯಂ ಜನ ತಿಳಿದಷ್ಟು ಇಲ್ಲ. ವಯಸ್ಕರಿಗೆ ದಿನಕ್ಕೆ ಬೇಕಾದ 1000 ಮಿಲಿಗ್ರಾಂ ಕ್ಯಾಲ್ಸಿಯಂಗೆ ಹಾಲು, ರಾಗಿ, ಎಳ್ಳು ಉತ್ತಮ ಮೂಲಗಳು. ದಿನವಿಡೀ ಕೋಣೆಯಲ್ಲಿ ಮಲಗಿಸಿಡದೆ ಸ್ವಲ್ಪ ಹೊತ್ತು ಬಿಸಿಲಿಗೆ ಕರೆತನ್ನಿ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ನಡು ಮಧ್ಯಾಹ್ನ ಮಾತ್ರ ಬೇಡ.

ಪ್ರಶ್ನೆ: ಸ್ಕೂಟರಿನ ಹಿಂದೆ ಕುಳಿತಿದ್ದ ಮಗಳಿಗೆ ತೊಡೆಯ ಎಲುಬು ಮುರಿದಿತ್ತು. ಈಗ ಚೆನ್ನಾಗಿ ನಡೆಯುತ್ತಾಳೆ. ಆದರೆ ರಾತ್ರಿ ಬೆಚ್ಚಿ ಏಳುತ್ತಾಳೆ, ಹಾರ್ನ್ ಕೇಳಿದರೆ ನಡುಗುತ್ತಾಳೆ, ಕಾಲೇಜಿಗೆ ಹೋಗುವುದಿಲ್ಲ. ಏಳು ತಿಂಗಳಾಯಿತು. ತೊಡೆಯೊಳಗೆ ರಾಡ್ ಇರುವವಳಿಗೆ ಮದುವೆ, ಹೆರಿಗೆ ಹೇಗೆ ಎಂದು ಬಂಧುಗಳು ಅವಳ ಎದುರೇ ಕೇಳುತ್ತಾರೆ.
— ತಾಯಿ, ಬೀದರ್

ಉತ್ತರ: ರಾಡ್ ಗರ್ಭಧಾರಣೆಗೂ ಹೆರಿಗೆಗೂ ಅಡ್ಡಿಯಲ್ಲ. ಬಂಧುಗಳಿಗೆ ಈ ಒಂದು ವಾಕ್ಯವನ್ನು ನೀವೇ, ಅವಳ ಎದುರಿಗೇ, ಗಟ್ಟಿಯಾಗಿ ಹೇಳಿ. ತಾಯಿ ತನ್ನ ಪರವಾಗಿ ಮಾತಾಡಿದ್ದನ್ನು ಅವಳು ಕೇಳಿಸಿಕೊಳ್ಳುವುದು ಮುಖ್ಯ.

ಅಪಘಾತದ ನಂತರದ ಮೊದಲ ಕೆಲವು ವಾರಗಳಲ್ಲಿ ಕೆಟ್ಟ ಕನಸು, ಬೆಚ್ಚುವುದು, ರಸ್ತೆಯ ಭಯ ಬಹಳ ಜನರಿಗೆ ಇರುತ್ತದೆ ಮತ್ತು ತಾನಾಗಿ ತಗ್ಗುತ್ತದೆ. ಒಂದು ತಿಂಗಳು ದಾಟಿದ ಮೇಲೂ ಉಳಿದು, ಓದು, ನಿದ್ದೆ, ಓಡಾಟವನ್ನು ತಡೆಯುತ್ತಿದ್ದರೆ ಅದು ಚಿಕಿತ್ಸೆ ಬೇಕಾದ ಆಘಾತ. ಅಂಜುಬುರುಕತನವೆಂದು ಅದನ್ನು ತಳ್ಳಿಹಾಕಬಾರದು. ಮಾತಿನ ಚಿಕಿತ್ಸೆಯಿಂದ ಇದು ಗುಣವಾಗುತ್ತದೆ, ಕೆಲವರಿಗೆ ಔಷಧವೂ ಬೇಕಾಗುತ್ತದೆ. ಮೊದಲ ಹೆಜ್ಜೆಯಾಗಿ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿ ಮಾತಾಡಬಹುದು, ಖರ್ಚಿಲ್ಲ. ಆಮೇಲೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಮನೆಯಲ್ಲಿ ನೀವು ಮಾಡಬಹುದಾದದ್ದು, ರಸ್ತೆಯನ್ನು ಅವಳಿಗೆ ತುಸುತುಸುವೇ ಮರಳಿಸುವುದು: ಒಂದು ವಾರ ಸಂಜೆ ಮನೆಯ ಕಟ್ಟೆಯ ಮೇಲೆ ಕೂರುವುದು, ಮುಂದಿನ ವಾರ ಓಣಿಯ ತುದಿಯವರೆಗೆ ನಡೆಯುವುದು, ಆಮೇಲೆ ನಿಮ್ಮ ಜೊತೆ ಬಸ್ಸಿನಲ್ಲಿ ಎರಡು ನಿಲ್ದಾಣ. ಭಯ ತಗ್ಗುವವರೆಗೆ ಒಂದೇ ಹಂತದಲ್ಲಿ ನಿಲ್ಲಿ. ಸ್ಕೂಟರ್ ಕೊನೆಗೆ ಬರಲಿ, ಅವಳಾಗಿ ಕೇಳಿದ ದಿನ.

ಪ್ರಶ್ನೆ: ನಾನು ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕಾರ್ಮಿಕ. ಪಾಳಿ ಮುಗಿಸಿ ಬರುವಾಗ ಯಾವುದೋ ವಾಹನ ಬಡಿದು ನಿಲ್ಲದೆ ಹೋಯಿತು. ಹಿಮ್ಮಡಿ ಮತ್ತು ಕಾಲು ಮುರಿದಿವೆ. ಪಾಳಿಯಿಡೀ ನಿಲ್ಲಲಾರೆ. ಪರಿಹಾರ ಸಿಗುತ್ತದೆಯೇ?
— ವಾಡಿ

ಉತ್ತರ: ನಾನು ವಕೀಲನಲ್ಲ, ಆದರೂ ನನ್ನ ರೋಗಿಗಳ ಕಾಗದಪತ್ರಗಳಿಗೆ ಸಹಿ ಹಾಕುತ್ತ ತಿಳಿದುಕೊಂಡಷ್ಟನ್ನು ಹೇಳುತ್ತೇನೆ. ಗುರುತು ಸಿಗದ ವಾಹನ ಬಡಿದು ತೀವ್ರ ಗಾಯವಾದವರಿಗೆ, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಂತೆ 50,000 ರೂಪಾಯಿ ಸಿಗುತ್ತದೆ. ಎಲುಬು ಮುರಿತವನ್ನು ಕಾನೂನು ತೀವ್ರ ಗಾಯವೆಂದೇ ಎಣಿಸುತ್ತದೆ. ಪೊಲೀಸ್ ದೂರಿನ ಪ್ರತಿ ಮತ್ತು ಗಾಯದ ಪ್ರಮಾಣಪತ್ರದೊಂದಿಗೆ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ ಅರ್ಜಿ ಕೊಡಿ. ನಿಮ್ಮ ಸಂಬಳದಲ್ಲಿ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ವಂತಿಗೆ ಕಡಿತವಾಗುತ್ತಿದೆಯೇ ಎಂದು ಇಂದೇ ನೋಡಿ. ಗುತ್ತಿಗೆ ಕಾರ್ಮಿಕರೂ ಅದರ ವ್ಯಾಪ್ತಿಗೆ ಬರುತ್ತಾರೆ, ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವನ್ನೂ 2010ರ ತಿದ್ದುಪಡಿಯ ನಂತರ ಕೆಲಸದ ಗಾಯವೆಂದು ಪರಿಗಣಿಸುತ್ತಾರೆ. ಹಾಗಾದಲ್ಲಿ ದುಡಿಯಲಾಗದ ಅವಧಿಗೆ ಕೂಲಿಯ ಶೇಕಡ 90ರಷ್ಟು ಭತ್ಯೆ ಸಿಗಬೇಕು. ಕಲಬುರಗಿಯಲ್ಲಿ ಇಎಸ್‌ಐ ಆಸ್ಪತ್ರೆಯೂ ಇದೆ.

ವಾಹನ ಪತ್ತೆಯಾದರೆ ದಾರಿ ಬೇರೆ: ಮೋಟಾರು ಅಪಘಾತ ನ್ಯಾಯಮಂಡಳಿಗೆ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸುವುದು ಕ್ಷೇಮ. ಅಂಗವೈಕಲ್ಯ ಎಷ್ಟು ಶೇಕಡ ಎಂದು ವೈದ್ಯರು ಬರೆದ ಅಂಕಿಯೇ ಅಂತಿಮವಲ್ಲ; ಆ ಗಾಯದಿಂದ ಆ ವ್ಯಕ್ತಿಯ ದುಡಿಮೆ ಎಷ್ಟು ಕಡಿಮೆಯಾಯಿತು ಎಂಬುದನ್ನು ಬೇರೆಯಾಗಿ ಅಳೆಯಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ, ರಾಜ್ ಕುಮಾರ್ ಮತ್ತು ಅಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಬಿಗಿತ ಉಳಿದ ಹಿಮ್ಮಡಿ ಗುಮಾಸ್ತನಿಗೆ ಅಷ್ಟಾಗಿ ತೊಡಕಲ್ಲ, ಎಂಟು ಗಂಟೆ ನಿಲ್ಲಬೇಕಾದ ನಿಮಗೆ ಅದು ಅನ್ನದ ಪ್ರಶ್ನೆ. ಆದ್ದರಿಂದ ಏನು ಕೆಲಸ ಮಾಡುತ್ತಿದ್ದಿರಿ, ಎಷ್ಟು ಹೊತ್ತು ನಿಲ್ಲಬಲ್ಲಿರಿ ಎಂಬುದನ್ನು ವೈದ್ಯರಿಂದ ದಾಖಲೆಯಲ್ಲಿ ಬರೆಸಿಕೊಳ್ಳಿ. ಮೇಸ್ತ್ರಿಯ ಬಳಿ ಕೂತು ಮಾಡುವ ಕೆಲಸವನ್ನು ಕೆಲವು ತಿಂಗಳ ಮಟ್ಟಿಗಾದರೂ ಕೇಳಿ. ಚಿಕಿತ್ಸೆ ಪೂರ್ತಿಯಾದ ಮೇಲೂ ಶೇಕಡ 40 ಅಥವಾ ಹೆಚ್ಚು ವೈಕಲ್ಯ ಉಳಿದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಸೌಲಭ್ಯಗಳಿಗೆ ಅರ್ಹರಾಗುತ್ತೀರಿ.

ಪ್ರಶ್ನೆ: ಎರಡು ವರ್ಷದ ಹಿಂದೆ ಹಾಕಿದ ರಾಡ್ ತೆಗೆಸಲೇಬೇಕೇ?
— ಸುರಪುರ

ಉತ್ತರ: ತೊಂದರೆ ಕೊಡದಿದ್ದರೆ ಬೇಡ. ಚುಚ್ಚುತ್ತಿದ್ದರೆ, ನಂಜಾಗಿದ್ದರೆ ತೆಗೆಸಬೇಕು. ತೆಗೆಸಿದ ಮೇಲೆ ಸ್ಕ್ರೂಗಳ ರಂಧ್ರ ತುಂಬುವವರೆಗೆ ಕೆಲವು ತಿಂಗಳು ಭಾರ ಹೊರುವುದು, ಜಿಗಿಯುವುದು ಬೇಡ.

ಪ್ರಶ್ನೆ: ನನಗೆ 61 ವರ್ಷ. ಟಂಟಂ ಮಗುಚಿ ತೊಡೆ ಮುರಿದು ಆರು ತಿಂಗಳಾಗಿದೆ, ಎಲುಬು ಕೂಡಿದೆ ಎಂದಿದ್ದಾರೆ. ಶರಣಬಸವೇಶ್ವರರ ಜಾತ್ರೆಗೆ ಪ್ರತಿ ವರ್ಷ ಹೋಗುತ್ತಿದ್ದೆ. ಈ ವರ್ಷ ಕೋಲು ಹಿಡಿದು ಹೋಗಬಹುದೇ? ಮಕ್ಕಳು ಬೇಡ ಎನ್ನುತ್ತಾರೆ.
— ಆಳಂದ

ಉತ್ತರ: ಹೋಗಬಹುದು ಎಂದೇ ನನ್ನ ಉತ್ತರ, ನಿಮ್ಮ ವೈದ್ಯರು ಪೂರ್ತಿ ಭಾರ ಹಾಕಲು ಒಪ್ಪಿದ್ದರೆ. ಮಕ್ಕಳ ಅಂಜಿಕೆ ಪ್ರೀತಿಯದು, ಆದರೆ ಮನೆಯಲ್ಲೇ ಕೂರಿಸಿದ ಕಾಲು ಇನ್ನಷ್ಟು ಸೋಲುತ್ತದೆ. ಜಾತ್ರೆಗೆ ಇನ್ನೂ ದಿನಗಳಿದ್ದರೆ ಇಂದಿನಿಂದಲೇ ಬೆಳಗ್ಗೆ ಸಂಜೆ ಹತ್ತು ಹತ್ತು ನಿಮಿಷ ನಡೆದು, ವಾರಕ್ಕೆ ಐದೈದು ನಿಮಿಷ ಏರಿಸುತ್ತ ಹೋಗಿ. ಕೋಲನ್ನು ಪೆಟ್ಟಾದ ಕಾಲಿನ ಕಡೆ ಹಿಡಿಯುವವರೇ ಹೆಚ್ಚು, ಅದು ತಪ್ಪು; ಎದುರು ಕೈಯಲ್ಲಿ ಹಿಡಿದು, ಪೆಟ್ಟಾದ ಕಾಲಿನ ಜೊತೆಗೇ ಮುಂದಿಡಬೇಕು. ಕೋಲಿನ ತುದಿಗೆ ರಬ್ಬರ್ ಇರಲಿ, ಪರಸಿ ಕಲ್ಲಿನ ಮೇಲೆ ಬರಿ ಕಟ್ಟಿಗೆ ಜಾರುತ್ತದೆ. ಮೆಟ್ಟಿಲು ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು. ತೇರು ಎಳೆಯುವ ಹೊತ್ತಿನ ನೂಕುನುಗ್ಗಲಿಗೆ ಮಾತ್ರ ಇಳಿಯಬೇಡಿ. ಮುಂಜಾನೆಯೇ ಹೋಗಿ ದರ್ಶನ ಮಾಡಿಕೊಂಡು, ಕೂರಲು ಕುರ್ಚಿ ಸಿಗುವ ಕಡೆಯಿಂದ ತೇರನ್ನು ನೋಡಿ, ಜನ ಕರಗಿದ ಮೇಲೆ ಮಗನ ಕೈ ಹಿಡಿದು ಹೊರಡಿ.